ಮಗುವಿನ ಮೊದಲ ಬಿಲ್ಲಿಗೆ ಎಷ್ಟು ಪೌಂಡ್?

ಕಳೆದ ದಸರಾ ರಜೆಯಲ್ಲಿ ನನ್ನ ತಂಗಿಯ ಎಂಟು ವರ್ಷದ ಮಗಳು ಹೊಸ ಬಿಲ್ಲೊಂದನ್ನು ತಂದು ತೋರಿಸಿದಳು. ಹೆದೆ ಎಳೆಯಲು ಹೇಳಿದೆ. ಎಡಭುಜ ಕಿವಿಯ ತನಕ ಏರಿತು, ಸೊಂಟ ಹಿಂದಕ್ಕೆ ಬಾಗಿತು, ಹೆದೆಯು ಮುಖದಿಂದ ಒಂದು ಗೇಣು ದೂರದಲ್ಲೇ ನಿಂತು ನಡುಗತೊಡಗಿತು. ಬಿಲ್ಲಿನ ಕೆಳತೋಳಿನ, ಅಂದರೆ ಹಿಡಿಯ ಕೆಳಗಿನ ಬಾಗುವ ಭಾಗದ, ಮೇಲೆ 24 ಪೌಂಡ್ ಎಂದು ಬರೆದಿತ್ತು. ಬೆಳೆಯುವ ಮಗು, ಇನ್ನೆರಡು ವರ್ಷಕ್ಕೂ ಆಗುತ್ತದೆ ಎಂದು ಅಂಗಡಿಯವರು ಹೇಳಿದ್ದರಂತೆ. ಯೂನಿಫಾರ್ಮನ್ನೂ ಶೂವನ್ನೂ ಒಂದಳತೆ ದೊಡ್ಡದಾಗಿಯೇ ಕೊಳ್ಳುವ ನಮ್ಮ ಮನೆಗಳಲ್ಲಿ ಈ ಮಾತಿಗೆ ಯಾರೂ ಎದುರಾಡುವುದಿಲ್ಲ. ಆದರೆ ದೊಡ್ಡ ಶೂ ಕಾಲಿಗೆ ಹೊಂದಿಕೊಳ್ಳುವ ದಿನ ಬರುತ್ತದೆ. ಭಾರದ ಬಿಲ್ಲು ಕಲಿಸಿದ ತಪ್ಪು ಭಂಗಿ ಮಾತ್ರ ಬಿಲ್ಲು ಬದಲಾದ ಮೇಲೂ ಮೈಯಲ್ಲೇ ಉಳಿದುಬಿಡುತ್ತದೆ.

ಬಿಲ್ಲಿನ ಮೇಲಿನ ಆ ಅಂಕಿ ಬಿಲ್ಲಿನ ತೂಕವಲ್ಲ. ಹೆದೆಯನ್ನು ಒಂದು ನಿರ್ದಿಷ್ಟ ದೂರಕ್ಕೆ, ತುದಿಗಳು ಮುಂದಕ್ಕೆ ಬಾಗಿರುವ ರೀಕರ್ವ್ ಬಿಲ್ಲುಗಳಲ್ಲಿ ಸಾಮಾನ್ಯವಾಗಿ 28 ಅಂಗುಲಕ್ಕೆ, ಎಳೆದಾಗ ಬೆರಳುಗಳ ಮೇಲೆ ಬೀಳುವ ಬಲ ಅದು. ಎರಡೂ ಕೈ ಚಾಚಿ ನಿಂತಾಗ ಬೆರಳತುದಿಯಿಂದ ಬೆರಳತುದಿಗೆ ಇರುವ ಅಳತೆಯನ್ನು ಎರಡೂವರೆಯಿಂದ ಭಾಗಿಸಿದರೆ ಒಬ್ಬರ ಎಳೆತದ ದೂರ ಅಂದಾಜಿಗೆ ಸಿಗುತ್ತದೆ. ನಮ್ಮ ಹುಡುಗಿಯ ಅಳತೆ 50 ಅಂಗುಲ, ಅಂದರೆ ಅವಳ ಎಳೆತ 20 ಅಂಗುಲ. ಹೆದೆಯು ಎಳೆಯುವ ಮೊದಲೇ ಬಿಲ್ಲಿನಿಂದ ಸುಮಾರು 8 ಅಂಗುಲ ದೂರದಲ್ಲಿರುತ್ತದೆ. ಹಾಗಾಗಿ 28 ಅಂಗುಲ ಎಳೆಯುವ ದೊಡ್ಡವರು ಹೆದೆಯನ್ನು 20 ಅಂಗುಲ ಸರಿಸಿದರೆ ಅವಳು ಸರಿಸುವುದು 12 ಅಂಗುಲ ಮಾತ್ರ. ಬಲವು ಎಳೆತದೊಂದಿಗೆ ಹೆಚ್ಚುಕಡಿಮೆ ಸಮನಾಗಿ ಏರುವುದರಿಂದ 24 ಪೌಂಡಿನ ಬಿಲ್ಲು ಅವಳ ಕೈಯಲ್ಲಿ 14 ಪೌಂಡಿನಷ್ಟಾಗುತ್ತದೆ. ಅಷ್ಟಾದರೂ ಆರೂವರೆ ಕಿಲೋಗ್ರಾಂ! ಮೂರು ಎಳೆಯ ಬೆರಳುಗಳು ಅದನ್ನು ಹಿಡಿದು, ಅಲುಗಾಡದೆ, ಗುರಿಯನ್ನೂ ನೋಡಬೇಕು.

ಬಿಲ್ಲು ಮಾಡುವ ಕೆಲಸವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಬಿಲ್ಲು ಬಲವನ್ನು ಸೃಷ್ಟಿಸುತ್ತದೆ ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಅದು ಬಲವನ್ನು ಸೃಷ್ಟಿಸುವುದಿಲ್ಲ, ನಾವು ಕೊಟ್ಟ ಶಕ್ತಿಯನ್ನು ಕೂಡಿಡುತ್ತದೆ. ಸ್ನಾಯು ನಿಧಾನವಾಗಿ ಕುಗ್ಗುವಾಗ ಹೆಚ್ಚು ಬಲ ಕೊಡಬಲ್ಲದು, ವೇಗವಾಗಿ ಕುಗ್ಗುವಾಗ ಕೊಡಲಾರದು. ಬರಿಗೈಯಿಂದ ಬಾಣ ಎಸೆದರೆ ಅದು ಅಷ್ಟು ದೂರ ಹೋಗದಿರಲು ಇದೇ ಕಾರಣ. ಸಣ್ಣಗೆ ಸುರಿಯುವ ನಲ್ಲಿಯ ಕೆಳಗೆ ಕೊಡವಿಟ್ಟು, ತುಂಬಿದ ಮೇಲೆ ಒಮ್ಮೆಲೇ ಬೋರಲು ಹಾಕಿದಂತೆ, ಎರಡು ಸೆಕೆಂಡು ಎಳೆದು ತುಂಬಿಸಿದ ಶಕ್ತಿಯನ್ನು ಬಿಲ್ಲು ಕಣ್ಣೆವೆ ಇಕ್ಕುವುದರೊಳಗೆ ಬಾಣಕ್ಕೆ ಸುರಿದುಬಿಡುತ್ತದೆ. ಹುಣಸೆಯ ಎಳೆಗೊಂಬೆಯನ್ನು ಮೆಲ್ಲಗೆ ಬಗ್ಗಿಸಿ ಫಕ್ಕನೆ ಬಿಟ್ಟಾಗ ತುದಿಯ ಎಲೆಗಳು ಉದುರಿ ಹಾರುವುದೂ ಹೀಗೆಯೇ. ಕೂಡಿದ ಶಕ್ತಿಯು ಬಲ ಮತ್ತು ದೂರ ಎರಡನ್ನೂ ಅವಲಂಬಿಸಿರುವುದರಿಂದ, ಹೆದೆ ಸರಿಯುವ ದೂರವು ಐದರಲ್ಲಿ ಮೂರು ಪಾಲಿಗೆ ಇಳಿದರೆ ಶಕ್ತಿಯು ನೂರಕ್ಕೆ 36ಕ್ಕೇ ಇಳಿಯುತ್ತದೆ. ಈ ಕಾರಣದಿಂದಲೇ, ಅರ್ಧಕ್ಕೆ ನಿಲ್ಲುವ ಭಾರದ ಬಿಲ್ಲಿಗಿಂತ ಗಲ್ಲದವರೆಗೆ ಪೂರ್ತಿ ಬರುವ ಹಗುರ ಬಿಲ್ಲು ಮಗುವಿಗೆ ಹೆಚ್ಚು ಪ್ರಯೋಜನಕರ. ನಮ್ಮ ಹಳೆಯ ಕವಿಗಳ ವೀರರು ಕಿವಿಯವರೆಗೆ ಹೆದೆ ಸೆಳೆಯುತ್ತಿದ್ದರು. ಪೂರ್ಣ ಎಳೆತದ ಮಹತ್ವ ಅವರಿಗೆ ಚೆನ್ನಾಗಿ ತಿಳಿದಿತ್ತು.

ಎಂಟು ವರ್ಷದ ಮಗುವಿಗೆ 10ರಿಂದ 14 ಪೌಂಡ್ ಎಂದು ಗುರುತಿಸಿದ ಬಿಲ್ಲು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. 14 ಪೌಂಡಿನದು ಅವಳ ಎಳೆತಕ್ಕೆ ಎಂಟೂವರೆ ಪೌಂಡಿನ ಆಸುಪಾಸಿಗೆ, ಅಂದರೆ ನಾಲ್ಕು ಕಿಲೋಗ್ರಾಮಿಗೂ ಕಡಿಮೆಗೆ ಬರುತ್ತದೆ. ಮಕ್ಕಳ ಕೆಲವು ಬಿಲ್ಲುಗಳಲ್ಲಿ ಪೌಂಡನ್ನು 28ಕ್ಕಿಂತ ಕಡಿಮೆ ಅಂಗುಲಕ್ಕೆ ಅಳೆದು ಬರೆದಿರುತ್ತಾರೆ, ಅದನ್ನು ಓದಿ ನೋಡಬೇಕು. ಪರೀಕ್ಷೆ ಸರಳ: ಮಗು ಹೆದೆಯನ್ನು ಗಲ್ಲಕ್ಕೆ ತಂದು, ಭುಜ ಏರಿಸದೆ, ಹತ್ತು ಎಣಿಸುವವರೆಗೆ ಹಿಡಿದು, ಬಾಣ ಬಿಡದೆಯೇ ಮೆಲ್ಲಗೆ ಹಿಂದಕ್ಕೆ ಒಯ್ಯಬೇಕು. ಕೈ ನಡುಗಿದರೆ ಆ ಬಿಲ್ಲು ಬೇಡ. ಉದ್ದ 48ರಿಂದ 54 ಅಂಗುಲವಿದ್ದರೆ ಒಳ್ಳೆಯದು. ತೀರ ಗಿಡ್ಡ ಬಿಲ್ಲಿನ ಹೆದೆ ಚೂಪಾಗಿ ಮಡಚಿ ಬೆರಳುಗಳನ್ನು ಹಿಂಡುತ್ತದೆ. ತೋಳುಗಳನ್ನು ಬಿಚ್ಚಿ ಬದಲಿಸಬಹುದಾದ ಮರದ ರೀಕರ್ವ್ ಕೊಂಡರೆ, ಮಗು ಬೆಳೆದಾಗ ಹಿಡಿಯನ್ನು ಉಳಿಸಿಕೊಂಡು ತೋಳುಗಳನ್ನಷ್ಟೇ ಕೊಂಡರಾಯಿತು.

ಭಾರದ ಬಿಲ್ಲಿನಿಂದಲೇ ಮಗು ಗಟ್ಟಿಯಾಗುತ್ತದೆ ಎನ್ನುವವರಿಗೆ ಇತಿಹಾಸವೇ ಉತ್ತರ ಕೊಡುತ್ತದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಮೇರಿ ರೋಸ್ ಯುದ್ಧನೌಕೆಯಲ್ಲಿ ಸಿಕ್ಕ ಉದ್ದಬಿಲ್ಲುಗಳ ಎಳೆತ ನೂರು ಪೌಂಡನ್ನು ಮೀರುತ್ತಿತ್ತೆಂದು ಅಂದಾಜಿಸಲಾಗಿದೆ. ಅಂಥ ಬಿಲ್ಲು ಎಳೆಯುವವರನ್ನು ತಯಾರು ಮಾಡಿದ ಆ ನಾಡಿನಲ್ಲೇ, 1549ರಲ್ಲಿ, ಹ್ಯೂ ಲ್ಯಾಟಿಮರ್ ಎಂಬ ಧರ್ಮಬೋಧಕ ದೊರೆ ಆರನೇ ಎಡ್ವರ್ಡ್‌ನ ಮುಂದೆ ತನ್ನ ಬಾಲ್ಯವನ್ನು ನೆನೆಯುತ್ತ, ತಂದೆ ತನ್ನ ವಯಸ್ಸಿಗೂ ಶಕ್ತಿಗೂ ತಕ್ಕ ಬಿಲ್ಲನ್ನೇ ಕೊಡಿಸುತ್ತಿದ್ದನೆಂದೂ ತಾನು ಬೆಳೆದಂತೆ ಬಿಲ್ಲೂ ದೊಡ್ಡದಾಗುತ್ತ ಹೋಯಿತೆಂದೂ ಹೇಳಿದ್ದ. ಮೇರಿ ರೋಸ್‌ನ ಅಸ್ಥಿಪಂಜರಗಳಲ್ಲಿ ಇನ್ನೊಂದು ಸಂಗತಿ ಕಂಡಿತು. ಹರೆಯ ಕಳೆಯುವ ಹೊತ್ತಿಗೆ ಬೆಸೆದುಕೊಳ್ಳಬೇಕಾದ ಹೆಗಲೆಲುಬಿನ ತುದಿ ಹಲವರಲ್ಲಿ ಬೆಸೆಯದೇ ಉಳಿದಿತ್ತು. ಎಳವೆಯಿಂದಲೇ ಮಾಡಿದ ಬಿಲ್ಲಿನ ಅಭ್ಯಾಸ ಅದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಸೂಚಿಸಿದ್ದಾರೆ. ಬೆಳೆಯುವ ಮೂಳೆಯ ತುದಿಗಳಲ್ಲಿ ಇನ್ನೂ ಮೃದ್ವಸ್ಥಿಯಿರುತ್ತದೆ ಎಂಬುದನ್ನು ನಾವು ಮರೆಯಬಾರದು.

ಎಡಗೈ ಬಿಲ್ಲೋ ಬಲಗೈ ಬಿಲ್ಲೋ ಎಂಬುದನ್ನು ಕೈಗಿಂತ ಮೊದಲು ಕಣ್ಣನ್ನು ಕೇಳಬೇಕು. ಚಾಚಿದ ಎರಡು ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು, ಅದರ ಮೂಲಕ ಗೋಡೆಯ ಗಡಿಯಾರವನ್ನು ನೋಡಲು ಮಗುವಿಗೆ ಹೇಳಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ಮುಚ್ಚಿದಾಗ ಗಡಿಯಾರ ಮಾಯವಾಗುತ್ತದೋ ಅದೇ ಪ್ರಧಾನ ಕಣ್ಣು. ಹೆದೆ ಎಳೆಯಬೇಕಾದದ್ದು ಆ ಕಡೆಯ ಕೈ. ಎಡಗೈಯಲ್ಲಿ ಎಳೆಯುವುದು ಅಪಶಕುನವೆಂದು ಮಗುವಿನ ಕೈ ತಿದ್ದುವ ಹಿರಿಯರಿಗೆ, ಎರಡೂ ಕೈಯಿಂದ ಬಾಣ ಬಿಡುತ್ತಿದ್ದ ಅರ್ಜುನನಿಗೆ ಸವ್ಯಸಾಚಿ ಎಂಬ ಬಿರುದಿತ್ತೆಂದು ನೆನಪಿಸಿದರೆ ಸಾಕು.

ಹಗುರ ಬಿಲ್ಲು ಆಟಿಕೆಯಲ್ಲ. ನಮ್ಮ ಹುಡುಗಿಯ 20 ಅಂಗುಲದ ಎಳೆತದಲ್ಲಿ 14 ಪೌಂಡಿನ ಬಿಲ್ಲು ಸುಮಾರು 5.7 ಜೂಲ್ ಶಕ್ತಿ ಕೂಡಿಡುತ್ತದೆ. ಅದರಲ್ಲಿ ನೂರಕ್ಕೆ 60 ಭಾಗ ತಲುಪಿದರೂ 15 ಗ್ರಾಂನ ಬಾಣ ಗಂಟೆಗೆ 75 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ಕಣ್ಣಿಗೆ ತಾಗಿದರೆ ಇದು ಭಯಂಕರ ವೇಗ. ಆದ್ದರಿಂದ ಪಕ್ಕದಲ್ಲಿ ದೊಡ್ಡವರೊಬ್ಬರು ನಿಲ್ಲದೆ ಬಿಲ್ಲು ಕೈಗೆ ಬರಬಾರದು, ಬಾಣ ಹೂಡದೆ ಹೆದೆಯನ್ನು ಎಂದೂ ಬಿಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿನ ತೋಳುಗಳಿಗೇ ಹಿಂದಿರುಗಿ ಅವು ಸೀಳಬಹುದು. ಬಾಣವಂತೂ ಎಳೆತಕ್ಕಿಂತ ಎರಡು ಅಂಗುಲವಾದರೂ ಉದ್ದವಿರಲೇಬೇಕು. ಗಿಡ್ಡ ಬಾಣದ ಮೊನೆ ಬಿಲ್ಲಿನಿಂದ ಹಿಂದಕ್ಕೆ ಜಾರಿದರೆ, ಬಿಟ್ಟ ಕೂಡಲೇ ಅದು ಹಿಡಿದ ಕೈಗೇ ನಾಟುತ್ತದೆ.

ಆ 24 ಪೌಂಡಿನ ಬಿಲ್ಲು ಈಗ ನಮ್ಮ ಅಟ್ಟದ ಮೇಲಿದೆ. ಹುಡುಗಿಯ ಕೈಯಲ್ಲಿ 12 ಪೌಂಡಿನದಿದೆ, ಗುರಿಗೆ ಐದು ಮೀಟರ್ ದೂರ. ಪ್ರತಿ ತಿಂಗಳ ಮೊದಲ ಭಾನುವಾರ ಅವಳ ತಾಯಿ ಪೂರ್ತಿ ಎಳೆಸಿ, ಬಿಲ್ಲಿನ ಅಂಚು ಬಾಣಕ್ಕೆ ತಾಗುವಲ್ಲಿ ಪೆನ್ನಿನಿಂದ ಗೆರೆ ಹಾಕುತ್ತಾಳೆ. ದಸರಾದಿಂದೀಚೆಗೆ ಗೆರೆ ಮೊನೆಯ ಕಡೆಗೆ ಅರ್ಧ ಅಂಗುಲ ಸರಿದಿದೆ.