ದಿನವಿಡೀ ದುಡಿದರೂ ಮುಖ್ಯ ಕೆಲಸ ಹಾಗೇ ಉಳಿಯುವುದೇಕೆ?

ಪ್ರಶ್ನೆ: ದಿನಾ ಬೆಳಿಗ್ಗೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆಯುತ್ತೇನೆ. ಸಂಜೆ ನೋಡಿದರೆ ಸಣ್ಣಪುಟ್ಟವೆಲ್ಲ ಮುಗಿದಿರುತ್ತವೆ, ದೊಡ್ಡದು ಮಾತ್ರ ನಾಳೆಯ ಪಟ್ಟಿಗೆ ಹೋಗಿರುತ್ತದೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಕೈಯಲ್ಲಿ ಎಷ್ಟು ಹೊತ್ತಿದೆ ಎಂದು ನೋಡದೆ ಪಟ್ಟಿ ಬರೆಯುತ್ತಿದ್ದೀರಿ. ಕೆಲಸದ ಲೆಕ್ಕಕ್ಕಿಂತ ಮೊದಲು ಸಮಯದ ಲೆಕ್ಕ ಹಾಕಿ ಎಂದು ಮ್ಯಾನೇಜ್‌ಮೆಂಟ್ ಲೇಖಕ ಪೀಟರ್ ಡ್ರಕರ್ 1967ರಲ್ಲೇ ಹೇಳಿದ್ದರು.

ಮೂರು ವಾರ ಒಂದು ಪುಟ್ಟ ನೋಟ್‌ಬುಕ್ ಜೊತೆಗಿರಲಿ. ಕೆಲಸ ಬದಲಾದ ಕೂಡಲೇ ಹೊತ್ತು ಬರೆದು, ಪಕ್ಕದಲ್ಲಿ ಒಂದೆರಡು ಪದ ಹಾಕಿ:

10:05 ವರದಿ
10:12 ಫೋನ್
10:31 ಇಮೇಲ್
10:50 ವರದಿ

ರಾತ್ರಿ ನೆನಪಿನಿಂದ ಬರೆದಿದ್ದರೆ ಇದೇ ಮುಕ್ಕಾಲು ಗಂಟೆ 'ವರದಿ ಬರೆದೆ' ಎಂಬ ಒಂದೇ ಸಾಲಾಗುತ್ತಿತ್ತು. ನಿಜಕ್ಕೂ ವರದಿಗೆ ಸಿಕ್ಕಿದ್ದು ಏಳು ನಿಮಿಷ. 'ಆಫೀಸ್ ಕೆಲಸ' ಎಂದು ಬರೆಯುವುದೂ ಅಷ್ಟೇ ವ್ಯರ್ಥ. ಮೊದಲ ಎರಡು ಮೂರು ದಿನ ಯಾರೋ ತಪಾಸಣೆಗೆ ಬಂದಂತೆ ಎಲ್ಲರೂ ಶಿಸ್ತಾಗಿರುತ್ತಾರೆ. ಆ ಪುಟಗಳನ್ನು ನಂಬಬೇಡಿ.

ಆಮೇಲೆ ಒಂದೊಂದು ಸಾಲಿಗೂ ಕೇಳಿಕೊಳ್ಳಿ: ಇದನ್ನು ಮಾಡದೇ ಇದ್ದರೆ ಏನಾಗುತ್ತಿತ್ತು? ಏನೂ ಇಲ್ಲವೆಂದರೆ ಹೊಡೆದುಹಾಕಿ. ಇದು ಬೇರೆಯವರಿಂದ ಆಗುತ್ತದೆಯೇ? ಆಗುವುದಾದರೆ ಒಪ್ಪಿಸಿಬಿಡಿ. ಡ್ರಕರ್ ಅವರ ಮೂರನೆಯ ಪ್ರಶ್ನೆ ಕೊಂಚ ಮುಜುಗರದ್ದು: ನನ್ನಿಂದ ಯಾರ ಸಮಯ ಹಾಳಾಗುತ್ತಿದೆ? ಉತ್ತರ ನೋಟ್‌ಬುಕ್ಕಿನಲ್ಲಿ ಸಿಗುವುದಿಲ್ಲ, ಜೊತೆಗಿರುವವರನ್ನೇ ಕೇಳಬೇಕು.

ಇಷ್ಟಾಗಿ ಉಳಿದ ಹೊತ್ತು ಚೂರುಚೂರಾಗಿದ್ದರೆ ಏನೂ ಲಾಭವಿಲ್ಲ, ಬಹಳ ಜನ ಸೋಲುವುದು ಇಲ್ಲೇ. ಒಂದು ವರದಿಯ ಮೊದಲ ಕರಡಿಗೆ ಆರರಿಂದ ಎಂಟು ಗಂಟೆ ಬೇಕು ಎಂದುಕೊಳ್ಳಿ. ಅದನ್ನು ದಿನಕ್ಕೆ ಎರಡು ಸಲ, ಕಾಲು ಕಾಲು ಗಂಟೆಯಂತೆ ಮೂರು ವಾರ ಹಂಚಿದರೆ ಕೊನೆಗೆ ಉಳಿಯುವುದು ಗೀಚಿದ ಹಾಳೆ. ಪ್ರತಿ ಸಲವೂ ನಿನ್ನೆ ಎಲ್ಲಿಗೆ ಬಿಟ್ಟೆ ಎಂದು ಹುಡುಕುವುದರಲ್ಲೇ ಹತ್ತು ನಿಮಿಷ ಕಳೆದಿರುತ್ತದೆ. ಕನಿಷ್ಠ ಒಂದೂವರೆ ಗಂಟೆ ಒಟ್ಟಿಗೆ ಬೇಕು, ಫೋನ್ ಬೇರೆ ಕೋಣೆಯಲ್ಲಿರಬೇಕು. ವಾರಕ್ಕೆ ಅಂಥವು ನಾಲ್ಕು ಸಿಕ್ಕರೆ ಕರಡು ಮುಗಿಯುವ ಹಂತಕ್ಕೆ ಬಂದಂತೆಯೇ.

ಸಣ್ಣ ಕೆಲಸಗಳನ್ನೆಲ್ಲ ಮುಗಿಸಿ ಆಮೇಲೆ ಈ ಹೊತ್ತು ಹುಡುಕುತ್ತೇನೆಂದರೆ ಅದು ಸಿಗುವುದಿಲ್ಲ. ಮೊದಲು ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮಿಕ್ಕಿದ್ದು ಸುತ್ತಮುತ್ತ ಕೂರಲಿ. ತುರ್ತು ಕೆಲಸವೊಂದು ಬಂದು ಅದನ್ನು ನುಂಗಿದರೆ ಅದೇ ವಾರದಲ್ಲಿ ಇನ್ನೊಂದು ಒಂದೂವರೆ ಗಂಟೆ ತೆಗೆದಿಡಿ.

ಆರು ತಿಂಗಳಾದ ಮೇಲೆ ಮತ್ತೆ ಮೂರು ವಾರ ನೋಟ್‌ಬುಕ್ ಹಿಡಿಯಿರಿ. ಹೊಡೆದುಹಾಕಿದ್ದರಲ್ಲಿ ಒಂದೆರಡು ಬೇರೆ ಹೆಸರಿನಲ್ಲಿ ವಾಪಸ್ ಬಂದಿರುತ್ತವೆ.