ಮದ್ದಿನ ಕಲ್ಲು, ಮೀನಿನ ತೊಟ್ಟಿ

ದಾವಣಗೆರೆಯ ನಮ್ಮ ಬೀದಿಯಲ್ಲಿ ಎದುರುಮನೆಯವರು ಹೋದ ದೀಪಾವಳಿಯ ಮರುವಾರ ಎರಡು ಅಡಿ ಉದ್ದದ ಗಾಜಿನ ತೊಟ್ಟಿ ತಂದರು. ಬೆಳಿಗ್ಗೆ ನೀರು ತುಂಬಿಸಿದರು, ಸಂಜೆ ಹದಿನಾರು ಮೀನು ಬಿಟ್ಟರು. ಐದನೆಯ ದಿನ ಎರಡು ಸತ್ತವು, ಎಂಟನೆಯ ದಿನ ಐದು. ಎರಡನೆಯ ವಾರ ಮುಗಿಯುವ ಹೊತ್ತಿಗೆ ಒಂದು ಕಪ್ಪು ಮೋಲಿ ಮಾತ್ರ ಉಳಿದಿತ್ತು. ಆ ಮನೆಯ ಅಜ್ಜಿ ಜಗುಲಿಯ ಮೇಲೆ ಕುಳಿತು ತೀರ್ಪು ಕೊಟ್ಟರು: ‘ಹೋಗಲಿ ಬಿಡಪ್ಪ, ಮನೆಗೆ ಬರಬೇಕಿದ್ದ ಕಂಟಕವನ್ನು ಅವು ಹೊತ್ತುಕೊಂಡು ಹೋದವು.’

ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಇದೇ ಮಾತಿಗೆ ವಾಸ್ತುವಿನ ಅಂಗಿ ತೊಡಿಸಿ, ಎಂಟು ಹೊನ್ನಿನ ಬಣ್ಣದವು ಒಂದು ಕಪ್ಪು ಎಂದು ಲೆಕ್ಕ ಕೊಟ್ಟು, ಸತ್ತಾಗಲೆಲ್ಲ ಹೊಸ ಜೋಡಿ ಮಾರುವವರ ಮೇಲೆ ಇದೆ. ಕಣ್ಣುದೃಷ್ಟಿಯಿಂದ ಮೀನು ಸಾಯುವುದಾದರೆ ವರ್ಷದ ಯಾವ ದಿನವಾದರೂ ಸಾಯಬೇಕಿತ್ತಲ್ಲ? ಹೊಸ ತೊಟ್ಟಿಯ ಮೀನುಗಳು ಮಾತ್ರ, ಊರು ಯಾವುದೇ ಇರಲಿ, ಮನೆಯ ಬಾಗಿಲು ಯಾವ ದಿಕ್ಕಿಗೇ ಇರಲಿ, ಮೊದಲ ನಾಲ್ಕೈದು ವಾರಗಳಲ್ಲೇ ಸಾಲುಗಟ್ಟಿ ಸಾಯುತ್ತವೆ. ಹೀಗೆ ತಾರೀಕು ನೋಡಿಕೊಂಡು ಬರುವ ಕಂಟಕದ ಹೆಸರು ಅಮೋನಿಯ.

ನಾವು ಸಾರಜನಕದ ಕಸವನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಕಳೆಯುತ್ತೇವೆ. ಮೀನಿಗೆ ಅಷ್ಟು ತಾಳ್ಮೆಯಿಲ್ಲ. ಬಹುಪಾಲು ಕಸವನ್ನು ಅಮೋನಿಯದ ರೂಪದಲ್ಲೇ ಕಿವಿರುಗಳ ಮೂಲಕ ನೀರಿಗೆ ಬಿಟ್ಟುಬಿಡುತ್ತದೆ. ಕೆರೆಯಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹಿಡಿಯುವುದು ಸುಮಾರು 56 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 45. ಹದಿನಾರು ಮೀನು ಅಷ್ಟರಲ್ಲೇ ಉಸಿರಾಡಬೇಕು, ಅಷ್ಟರಲ್ಲೇ ಕಸ ಹಾಕಬೇಕು.

ಈ ಕಸ ತೆಗೆಯುವವರು ಎರಡು ಜಾತಿಯ ಸೂಕ್ಷ್ಮಜೀವಿಗಳು. ಹತ್ತಿ ಗಿರಣಿ ಕಂಡ ಊರಿನವರಿಗೆ ಇದನ್ನು ಗಿರಣಿಯ ಮಾತಿನಲ್ಲೇ ಹೇಳುತ್ತೇನೆ. ಅಮೋನಿಯ ಎನ್ನುವುದು ಹತ್ತಿ. ಮೊದಲ ವಿಭಾಗದ ಕೆಲಸಗಾರರು, ನೈಟ್ರೊಸೊಮೊನಾಸ್ ಮತ್ತು ಅದರ ಬಂಧುಗಳು, ಅದನ್ನು ನೂಲು ಮಾಡುತ್ತಾರೆ. ಆ ನೂಲೇ ನೈಟ್ರೈಟ್. ಎರಡನೆಯ ವಿಭಾಗದ ನೈಟ್ರೊಸ್ಪೈರಾಗಳು ನೂಲನ್ನು ಬಟ್ಟೆ ಮಾಡುತ್ತವೆ, ಬಟ್ಟೆಯೇ ನೈಟ್ರೇಟ್. ಹೊಸ ಗಿರಣಿಯಲ್ಲಿ ಮೊದಲ ವಿಭಾಗದವರು ಬರುವ ತನಕ ಹತ್ತಿ ರಾಶಿ ಬೀಳುತ್ತದೆ. ಅವರು ಬಂದರು ಎನ್ನುವಷ್ಟರಲ್ಲಿ ನೂಲು ರಾಶಿ ಬೀಳುತ್ತದೆ, ಏಕೆಂದರೆ ನೇಯುವವರು ಇನ್ನೂ ಬಂದಿರುವುದಿಲ್ಲ. ಹತ್ತಿಯೂ ವಿಷ, ನೂಲೂ ವಿಷ. ಅಮೋನಿಯ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ. ಅಂಥ ಮೀನಿನ ಕಿವಿರು ಎತ್ತಿ ನೋಡಿದರೆ ಕೆಂಪಗಿರುವುದಿಲ್ಲ, ಕಾಫಿ ಕಷಾಯದಂತೆ ಕಂದಾಗಿರುತ್ತದೆ. ಕೊನೆಗೆ ಸಿಗುವ ನೈಟ್ರೇಟ್ ಮಾತ್ರ ಬಹುಮಟ್ಟಿಗೆ ಸಾಧು. ಗಿಡಗಳು ತಿನ್ನುತ್ತವೆ, ಮಿಕ್ಕಿದ್ದು ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಹೋಗುತ್ತದೆ.

ಈ ಕೆಲಸಗಾರರು ಬೇಗ ಏಕೆ ಬರುವುದಿಲ್ಲ? ನಮ್ಮ ಕರುಳಿನ ಈ. ಕೋಲಿ ಎಂಬ ಬ್ಯಾಕ್ಟೀರಿಯ ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಇವಕ್ಕೆ ಅದೇ ಕೆಲಸಕ್ಕೆ ಅರ್ಧ ದಿನವೋ ಇಡೀ ದಿನವೋ ಬೇಕು. ಇವು ಸಕ್ಕರೆ ತಿನ್ನುವ ಜೀವಿಗಳಲ್ಲ. ಅಮೋನಿಯವನ್ನು ಸುಟ್ಟು ಸಿಗುವ ಚೂರು ಶಕ್ತಿಯಲ್ಲಿ ಇಂಗಾಲದ ಡೈಆಕ್ಸೈಡ್‌ನಿಂದ ತಮ್ಮ ಮೈಯನ್ನೇ ಕಟ್ಟಿಕೊಳ್ಳಬೇಕು. ಹೋಟೆಲಿನಲ್ಲಿ ಬೆಣ್ಣೆದೋಸೆ ತಿಂದು ಬೆಳೆದವನಿಗೂ, ಬರದ ಹೊಲ ಉತ್ತು ರಾಗಿ ಬೆಳೆದು ಬೀಸಿ ಮುದ್ದೆ ಮಾಡಿಕೊಂಡು ತಿನ್ನುವವನಿಗೂ ಇರುವ ವ್ಯತ್ಯಾಸ ಇದು. ಇನ್ನೂ ಒಂದು ಹೋಲಿಕೆ ತಡೆದುಕೊಳ್ಳಿ: ಹಾಲು ತಾನಾಗಿ ಮೊಸರಾಗಲಿ ಎಂದು ಯಾರೂ ಕಾಯುವುದಿಲ್ಲ, ಹೆಪ್ಪು ಹಾಕುತ್ತಾರೆ. ವರ್ಷಗಟ್ಟಲೆ ಓಡಿದ ತೊಟ್ಟಿಯ ಫಿಲ್ಟರಿನ ಕೊಳಕು ಸ್ಪಾಂಜೇ ಇಲ್ಲಿನ ಹೆಪ್ಪು. ಗೆಳೆಯರ ಆರೋಗ್ಯವಾದ ತೊಟ್ಟಿಯಿಂದ ಅಂಗೈಯಗಲದ ತುಂಡು ಸಿಕ್ಕರೆ ನಾಲ್ಕು ವಾರದ ಕಾಯುವಿಕೆ ಅರ್ಧಕ್ಕೆ ಇಳಿಯುವುದುಂಟು. ಇವು ನೀರಿನಲ್ಲಿ ತೇಲಾಡುವುದಕ್ಕಿಂತ ಮರಳು, ಸ್ಪಾಂಜು, ಗಾಜಿಗೆ ಅಂಟಿಕೊಂಡು ಬದುಕುವುದೇ ಹೆಚ್ಚು. ಹಾಗಾಗಿ ‘ಹಳೆಯ ತೊಟ್ಟಿಯ ಒಂದು ಬಕೆಟ್ ನೀರು ಹಾಕಿದೆ’ ಎನ್ನುವವರು ಹೆಪ್ಪನ್ನು ಬಿಟ್ಟು ಮಜ್ಜಿಗೆಯ ತಿಳಿ ಹಾಕಿದಂತೆ.

ಇಲ್ಲಿ ನಾನು ಇತಿಹಾಸಕ್ಕೆ ಹೊರಳದೆ ಇರಲಾರೆ. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಒಂದು ಪ್ರಯೋಗ ಪ್ರಕಟಿಸಿದ. ಗಾಜಿನ ಪಾತ್ರೆಯಲ್ಲಿ ಗೋಲ್ಡ್‌ಫಿಶ್, ಜೊತೆಗೆ ವ್ಯಾಲಿಸ್ನೇರಿಯಾ ಗಿಡ. ಕೊಳೆತ ಎಲೆಗಳಿಂದ ನೀರು ಕದಡಿದಾಗ ಕೆರೆಯ ಬಸವನಹುಳು ತಂದು ಬಿಟ್ಟ. ಅವು ಕೊಳೆಯನ್ನು ತಿಂದವು, ನೀರು ತಿಳಿಯಾಯಿತು. ಮೀನು ಬಿಟ್ಟ ಗಾಳಿ ಗಿಡಕ್ಕೆ, ಗಿಡ ಬಿಟ್ಟ ಗಾಳಿ ಮೀನಿಗೆ, ತಕ್ಕಡಿ ಸರಿಹೋಯಿತು ಎಂದು ಅವನ ತೀರ್ಮಾನ. ಮೂರೇ ವರ್ಷಕ್ಕೆ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು, ಇಂಗ್ಲೆಂಡಿನ ಮನೆಮನೆಗೆ ಈ ಹುಚ್ಚು ಹಬ್ಬಿತು. ಆದರೆ ತಕ್ಕಡಿಯ ಮೂರನೆಯ ತಟ್ಟೆ ಅವನ ಕಣ್ಣಿಗೆ ಬೀಳಲಿಲ್ಲ. ಬೀಳುವ ಕಾಲವೂ ಅದಾಗಿರಲಿಲ್ಲ.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಮರಳು, ಸುಣ್ಣಕಲ್ಲು ತುಂಬಿದ ಗಾಜಿನ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಇಪ್ಪತ್ತು ದಿನ ಏನೂ ಆಗಲಿಲ್ಲ, ಮೇಲೆ ಹಾಕಿದ ಅಮೋನಿಯ ಕೆಳಗೆ ಹಾಗೆಯೇ ಬಂತು. ಆಮೇಲೆ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮಿನ ಆವಿ ಹಾಯಿಸಿದರೆ ನಿಂತಿತು; ತೋಟದ ಮಣ್ಣು ತೊಳೆದ ನೀರು ಹಾಕಿದ ಮೇಲೆ ಮತ್ತೆ ಶುರುವಾಯಿತು. ಬರೀ ರಾಸಾಯನಿಕ ಕ್ರಿಯೆಗೆ ಕ್ಲೋರೋಫಾರ್ಮಿನ ಅಮಲು ಹತ್ತುವುದಿಲ್ಲ, ಆದ್ದರಿಂದ ಇದು ಜೀವಿಗಳ ಕೆಲಸ ಎಂದು ಇಬ್ಬರೂ ಹೇಳಿದರು. ಆ ಇಪ್ಪತ್ತು ದಿನಗಳನ್ನು ನೆನಪಿಡಿ. ಎದುರುಮನೆಯ ಹದಿನೈದು ಮೀನುಗಳು ಸತ್ತದ್ದು ಅದೇ ಅವಧಿಯಲ್ಲಿ.

ಮುಂದಿನದು ಇನ್ನೂ ಸ್ವಾರಸ್ಯ. ಈ ಸುದ್ದಿ ಹಿಡಿದು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ದುಡಿದು, ಕೆಲಸ ಎರಡು ಹಂತದ್ದು, ಎರಡು ಬೇರೆ ಬೇರೆ ಜೀವಿಗಳದ್ದು ಎಂದು ತೋರಿಸಿದವನ ಹೆಸರೂ ರಾಬರ್ಟ್ ವಾರಿಂಗ್ಟನ್. ಆ ಮೀನಿನ ತೊಟ್ಟಿಯವನ ಮಗ! ಅಪ್ಪನ ತೊಟ್ಟಿಯಲ್ಲಿ ಸದ್ದಿಲ್ಲದೆ ದುಡಿದವರನ್ನು ಮಗ ಪತ್ತೆ ಮಾಡಿದ, ಆದರೆ ಬೇರ್ಪಡಿಸಿ ಹಿಡಿಯಲಾಗಲಿಲ್ಲ. 1890ರ ಹೊತ್ತಿಗೆ ರಷ್ಯದ ಸೆರ್ಗೈ ವಿನೊಗ್ರಾಡ್‌ಸ್ಕಿ, ಸಾವಯವ ಆಹಾರವನ್ನೇ ಕೊಡದೆ ಬರೀ ಲವಣಗಳ ಮೇಲೆ ಬೆಳೆಸಿ, ಅವನ್ನು ಹಿಡಿದ. ರಾಗಿ ಬೆಳೆದು ತಿನ್ನುವವನ ಮುಂದೆ ಬೆಣ್ಣೆದೋಸೆ ಇಟ್ಟು ಕಾದರೆ ಏನು ಪ್ರಯೋಜನ?

ಈ ಜೀವಿಗಳು ನಮ್ಮ ಸೀಮೆಗೆ ಹೊಸಬರೇನಲ್ಲ. ಚಿತ್ರದುರ್ಗದ ಕೋಟೆ ಹತ್ತಿದವರೆಲ್ಲ ಸಿಡಿಮದ್ದು ಬೀಸುವ ಕಲ್ಲುಗಳನ್ನು ನೋಡಿರುತ್ತಾರೆ. ತಗ್ಗಿನಲ್ಲಿ ನಿಂತ ಆ ಭಾರೀ ಬೀಸುಗಲ್ಲುಗಳ ಪಕ್ಕ ಫೋಟೋ ತೆಗೆಸಿಕೊಂಡು ಒನಕೆ ಓಬವ್ವನ ಕಿಂಡಿ ಎಲ್ಲಿ ಎಂದು ಕೇಳುತ್ತ ಮುಂದೆ ಹೋಗುತ್ತಾರೆ. ಮದ್ದಿಗೆ ಬೇಕಾದದ್ದು ಗಂಧಕ, ಇದ್ದಿಲು, ಪೆಟ್ಲುಪ್ಪು. ಅದರಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ. ಪೆಟ್ಲುಪ್ಪು ಎಂದರೆ ಪೊಟ್ಯಾಸಿಯಂ ನೈಟ್ರೇಟ್. ನಮ್ಮ ದೇಶದಲ್ಲಿ ಅದನ್ನು ತೆಗೆಯುತ್ತಿದ್ದದ್ದು ಗಂಜಲ ಕುಡಿದ ಕೊಟ್ಟಿಗೆಯ ಮಣ್ಣಿನಿಂದ, ಹಳೆಯ ಮಣ್ಣುಗೋಡೆಗಳ ಬುಡದಿಂದ. ಗಂಜಲದ ಯೂರಿಯಾ ಅಮೋನಿಯವಾಗಿ, ಅಮೋನಿಯ ನೈಟ್ರೈಟಾಗಿ, ನೈಟ್ರೈಟ್ ನೈಟ್ರೇಟಾಗಿ ಗೋಡೆಯ ಬುಡದಲ್ಲಿ ಬಿಳಿ ಹೂವಿನಂತೆ ಅರಳುವುದು ಇದೇ ಎರಡು ವಿಭಾಗದ ಕೆಲಸಗಾರರಿಂದ. ಪಾಳೆಯಗಾರರ ಫಿರಂಗಿ ಗುಡುಗಿದ್ದೂ, ನಿಮ್ಮ ಗಪ್ಪಿ ಬಾಲ ಬೀಸುತ್ತ ಬದುಕಿರುವುದೂ ಒಂದೇ ದುಡಿಮೆಯ ಫಲ.

ತೊಟ್ಟಿಗೆ ಮರಳೋಣ. ದಾವಣಗೆರೆ, ಚಿತ್ರದುರ್ಗದ ಕೊಳವೆಬಾವಿ ನೀರಿನಲ್ಲಿ ಸುಣ್ಣ ಹೆಚ್ಚು. ಸ್ನಾನದ ಹಂಡೆಯ ಒಳಮೈ ನೋಡಿದವರಿಗೆ ಹೇಳಬೇಕಿಲ್ಲ. ಇಂಥ ನೀರಿನ ಪಿಎಚ್, ಅಂದರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಎಂದು ತೋರಿಸುವ ಅಳತೆ, 8ರ ಆಸುಪಾಸಿನಲ್ಲಿದ್ದರೆ ಒಂದು ತೊಂದರೆಯಿದೆ. ಅಮೋನಿಯ ನೀರಿನಲ್ಲಿ ಎರಡು ವೇಷದಲ್ಲಿರುತ್ತದೆ: ಅಷ್ಟಾಗಿ ವಿಷವಲ್ಲದ ಅಮೋನಿಯಂ, ವಿಷವಾದ ಬಿಡಿ ಅಮೋನಿಯ. 25 ಡಿಗ್ರಿ ಉಷ್ಣಾಂಶದಲ್ಲಿ, ಪಿಎಚ್ 7 ಇದ್ದರೆ ನೂರರಲ್ಲಿ ಒಂದು ಪಾಲೂ ವಿಷದ ವೇಷದಲ್ಲಿರುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ನೂರರಲ್ಲಿ ಐದಕ್ಕೂ ಹೆಚ್ಚು ಪಾಲು. ಮೀನು ಅವೇ, ಕಸ ಅಷ್ಟೇ, ವಿಷ ಮಾತ್ರ ಸುಮಾರು ಒಂಬತ್ತು ಪಟ್ಟು. ನಗರಸಭೆಯ ನಲ್ಲಿ ನೀರಿನ ಸಮಸ್ಯೆ ಬೇರೆ: ಅದರಲ್ಲಿ ಕ್ಲೋರಿನ್ ಇರುತ್ತದೆ. ಮೀನಿನ ಕಿವಿರಿಗೂ ಅದು ಆಗದು, ನಮ್ಮ ಕೆಲಸಗಾರರಿಗೂ ಆಗದು. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ. ಅವಸರವಿದ್ದರೆ ಹಿಂದೆ ಫೋಟೋ ಸ್ಟುಡಿಯೋದವರು ಬಳಸುತ್ತಿದ್ದ ಹೈಪೋದ ಒಂದೆರಡು ಹರಳು ಸಾಕು. ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡಿ ಹಿಂಡಿ ಬೆಳ್ಳಗೆ ಮಾಡುವವರಿದ್ದಾರೆ. ಅವರು ತೊಳೆಯುವುದು ಕೊಳೆಯನ್ನಲ್ಲ, ಇಡೀ ಗಿರಣಿಯ ಕೆಲಸಗಾರರನ್ನು. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಒಮ್ಮೆ ಅದ್ದಿ ಹಿಂಡಿದರೆ ಆಯಿತು.

ಎದುರುಮನೆಯವರ ಎರಡನೆಯ ಪ್ರಯತ್ನಕ್ಕೆ ನಾನು ಸೇರಿಕೊಂಡೆ. ಮೋಲಿಯನ್ನು ನಮ್ಮ ಮನೆಯ ಹಳೆಯ ತೊಟ್ಟಿಗೆ ಕಳುಹಿಸಿ, ಅಲ್ಲಿಂದ ಸ್ಪಾಂಜಿನ ತುಂಡು ತಂದೆವು. ಮೀನಿಲ್ಲದ ತೊಟ್ಟಿಗೆ ಅಮೋನಿಯ ಎಲ್ಲಿಂದ ಬರಬೇಕು? ಹಿಂದೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಿದ್ದ ನವಸಾಗರವೇ ಅಮೋನಿಯಂ ಕ್ಲೋರೈಡ್. ಪ್ರಯೋಗಾಲಯದ ಶುದ್ಧ ಪುಡಿ 0.3 ಗ್ರಾಂ ಹಾಕಿದರೆ 45 ಲೀಟರಿನಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯ ಸಿಗುತ್ತದೆ. ಅಜ್ಜಿಗೆ ಇದು ವಿಚಿತ್ರವೆನಿಸಿತು: ‘ಮೀನೇ ಇಲ್ಲದ ನೀರಿಗೆ ಊಟ ಹಾಕುತ್ತೀಯಲ್ಲ ಮೇಷ್ಟ್ರೇ?’

ಗಿಡಗಳನ್ನು ಮೊದಲ ದಿನವೇ ನೆಟ್ಟೆವು. ವಾರಿಂಗ್ಟನ್ನನ ವ್ಯಾಲಿಸ್ನೇರಿಯಾವೇ ನಮ್ಮ ಗಡಸು ನೀರಿಗೂ ಹೇಳಿಮಾಡಿಸಿದಂತಿದೆ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಆ ಕೊರತೆಯಲ್ಲಿ ಬೇರೆ ಗಿಡಗಳು ಸೊರಗುವಾಗ ಇದು ಗಡಸು ನೀರಿನ ಬೈಕಾರ್ಬನೇಟನ್ನೇ ಒಡೆದು ಇಂಗಾಲ ಪಡೆಯುತ್ತದೆ. ನೀರುಬ್ರಾಹ್ಮಿಯೂ ತೊಟ್ಟಿಯೊಳಗೆ ನೆಟ್ಟಗೆ ನಿಂತು ಬೆಳೆಯುತ್ತದೆ. ಜಾವಾ ಫರ್ನ್, ಅನುಬಿಯಾಸ್‌ಗಳ ದಪ್ಪ ಬೇರುಕಾಂಡವನ್ನು ಮರಳಿನಲ್ಲಿ ಹೂಳಿದರೆ ಕೊಳೆಯುತ್ತದೆ, ದಾರದಿಂದ ಕಲ್ಲಿಗೆ ಕಟ್ಟಬೇಕು. ಕ್ರಿಪ್ಟೊಕೊರಿನ್ ನೆಟ್ಟ ವಾರದಲ್ಲಿ ಎಲೆಯೆಲ್ಲ ಕರಗಿಸಿಕೊಂಡು ಗಾಬರಿ ಹುಟ್ಟಿಸುತ್ತದೆ. ಕಿತ್ತು ಎಸೆಯಬೇಡಿ, ಬೇರಿನಿಂದ ಮತ್ತೆ ಚಿಗುರುತ್ತದೆ. ದೀಪ ದಿನಕ್ಕೆ ಎಂಟು ಗಂಟೆ ಸಾಕು, ಹೆಚ್ಚಾದರೆ ಪಾಚಿಗೆ ಹಬ್ಬ. ಬೆಳೆಯುವ ಗಿಡಗಳು ನೈಟ್ರೇಟಿಗಿಂತ ಮೊದಲು ಅಮೋನಿಯಂಗೇ ಕೈ ಹಾಕುತ್ತವೆ ಎನ್ನುವುದು ನಮ್ಮ ಪುಣ್ಯ.

ಇಪ್ಪತ್ತಮೂರನೆಯ ದಿನ ಟೆಸ್ಟ್ ಕಿಟ್ಟಿನ ಎರಡೂ ಗಾಜಿನ ಕೊಳವೆಗಳು ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಎಂದವು. ಆರು ಜೀಬ್ರಾ ಡ್ಯಾನಿಯೊ ತಂದೆವು: ಗಂಗಾ ಬಯಲಿನ ಗಟ್ಟಿ ಜೀವ, ಜಗತ್ತಿನ ಪ್ರಯೋಗಾಲಯಗಳ ಮುದ್ದು. ಎರಡು ವಾರ ಬಿಟ್ಟು ನಾಲ್ಕು ಗಂಡು ಗಪ್ಪಿ. ಹೆಣ್ಣನ್ನೂ ತಂದರೆ ಎರಡು ತಿಂಗಳಲ್ಲಿ ಬೀದಿಗೆಲ್ಲ ಹಂಚಬೇಕಾಗುತ್ತದೆ. ಗಪ್ಪಿ, ಪ್ಲಾಟಿ, ಮೋಲಿಗಳಿಗೆ ಸುಣ್ಣದ ನೀರೇ ಇಷ್ಟ. ಅಮೆಜಾನಿನ ಮೆದು ನೀರಿನ ನಿಯಾನ್ ಟೆಟ್ರಾ ಅಂಗಡಿಯಲ್ಲಿ ಎಷ್ಟೇ ಹೊಳೆದರೂ ನಮ್ಮ ಕೊಳವೆಬಾವಿ ನೀರಿಗೆ ತರುವುದು ಅದಕ್ಕೆ ಶಿಕ್ಷೆ. ಟೈಗರ್ ಬಾರ್ಬ್ ಗಪ್ಪಿಯ ಬಾಲ ಕಚ್ಚುತ್ತದೆ. ಅದೃಷ್ಟ ತರುತ್ತದೆಂದು ಮಾರುವ ಅರೊವಾನಾ ಎರಡಡಿ ಮೀರಿ ಬೆಳೆಯುವ ಬೇಟೆಗಾರ. ಮಿಕ್ಕವರ ಅದೃಷ್ಟದ ಗತಿ ಹೇಳುವುದೇ ಬೇಡ.

ನಮ್ಮ ಕಡೆ ಹೀಟರ್ ಬಹುತೇಕ ಮನೆಗಳಿಗೆ ಬೇಡ. ಕಷ್ಟವಿರುವುದು ಏಪ್ರಿಲಿನಲ್ಲಿ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 35 ಡಿಗ್ರಿಯದು ಸುಮಾರು 7 ಮಾತ್ರ. ಅದೇ ಬಿಸಿಗೆ ಮೀನಿನ ಉಸಿರಾಟ ಹೆಚ್ಚುತ್ತದೆ, ಕರೆಂಟು ಹೋಗಿ ಫಿಲ್ಟರ್ ನಿಂತರೆ ಕೆಲಸಗಾರರೂ ಉಸಿರಿಗೆ ಪರದಾಡುತ್ತಾರೆ. ಬ್ಯಾಟರಿಯ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳಿ. ನೀರಿನ ಮೇಲ್ಮೈಗೆ ಫ್ಯಾನಿನ ಗಾಳಿ ಬಿಟ್ಟರೂ ಆವಿಯಾಗುವ ನೀರು ಒಂದೆರಡು ಡಿಗ್ರಿ ಇಳಿಸುತ್ತದೆ.

ಆ ಡ್ಯಾನಿಯೊಗಳು ಈ ಬೇಸಿಗೆಯನ್ನು ಕಳೆದವು. ತೊಟ್ಟಿ ಈಗಲೂ ಅಜ್ಜಿ ಹೇಳಿದ ಈಶಾನ್ಯ ಮೂಲೆಯಲ್ಲೇ ಇದೆ. ಆ ಮೂಲೆಗೆ ಕಿಟಕಿಯಿಲ್ಲ, ನೇರ ಬಿಸಿಲು ಬೀಳುವುದಿಲ್ಲ, ಗಾಜಿಗೆ ಪಾಚಿ ಕಟ್ಟುವುದೂ ಕಡಿಮೆ. ಹಾಗಾಗಿ ನಾನೂ ತಕರಾರು ತೆಗೆಯಲಿಲ್ಲ.