ಓದುಗರ ಪ್ರಶ್ನೆ: ಅಣ್ಣನಿಗೆ ಕಿಡ್ನಿ ಕೊಡುವವರನ್ನು ಎಲ್ಲಿ ಹುಡುಕೋದು?

ಪ್ರಶ್ನೆ: ಅಣ್ಣನ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ 3 ಸಲ ಡಯಾಲಿಸಿಸ್ ನಡೆಯುತ್ತಿದೆ. ಕಸಿ ಮಾಡಿಸಿದರೆ ಒಳ್ಳೆಯದು ಅಂತ ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿ ಯಾರೂ ಮುಂದೆ ಬರುತ್ತಿಲ್ಲ. ದಾನಿಯನ್ನು ಎಲ್ಲಿ ಹುಡುಕಬೇಕು?

ಉತ್ತರ: ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಒಮ್ಮೆ ಅಣ್ಣನಿಗಾಗಿ, ಒಮ್ಮೆ ಗಂಡನಿಗಾಗಿ, ಒಮ್ಮೆ ಮಗಳಿಗಾಗಿ. ಫೋನಿನಲ್ಲಿ ತುಂಡು ತುಂಡಾಗಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆಯುತ್ತೇನೆ. ದಯವಿಟ್ಟು ಮನೆಮಂದಿಯೆಲ್ಲ ಓದಿ.

ಮೊದಲು ಕಾನೂನು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು ಹತ್ತಿರದ ಸಂಬಂಧಿಗಳು. 2011ರ ತಿದ್ದುಪಡಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳೂ ಸೇರಿದರು. ದಾನಿಗೆ 18 ತುಂಬಿರಬೇಕು. ರೋಗಿಯ ಚಿಕ್ಕಪ್ಪ, ಸೋದರಮಾವ, ಅತ್ತಿಗೆ, ಗೆಳೆಯ ಕೂಡ ಕೊಡಬಹುದು. ಆದರೆ ಅವರು ಸರ್ಕಾರದ ನಿಯಮದಂತೆ ರಚನೆಯಾದ ಸಮಿತಿಯ ಮುಂದೆ ಕೂರಬೇಕು. ಪ್ರೀತಿಯಿಂದ ಕೊಡುತ್ತಿದ್ದೇವೆ, ಹಣದ ವ್ಯವಹಾರ ಇಲ್ಲ ಎಂದು ಸಮಿತಿಗೆ ಮನವರಿಕೆಯಾಗಬೇಕು. ದುಡ್ಡು ಕೊಟ್ಟು ಕಿಡ್ನಿ ಕೊಂಡರೆ, ಕೊಟ್ಟವರಿಗೂ ಪಡೆದವರಿಗೂ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಫೇಸ್‌ಬುಕ್ಕಿನಲ್ಲಿ ‘ಕಿಡ್ನಿ ಬೇಕಾ’ ಅಂತ ಮೆಸೇಜ್ ಹಾಕುವವರು ಮೊದಲು ಕೇಳುವುದೇ ‘ರಿಜಿಸ್ಟ್ರೇಷನ್ ಫೀಸು’. ಆ ಕಡೆ ತಲೆ ಹಾಕಬೇಡಿ.

ಹಾಗಾದರೆ ಎಲ್ಲಿ ಹುಡುಕುವುದು? ನಿಮ್ಮ ಮನೆಯಲ್ಲೇ, ಇನ್ನೊಮ್ಮೆ. ಯಾರೂ ಮುಂದೆ ಬರುತ್ತಿಲ್ಲ ಎಂದಿರಲ್ಲ, ಅದರ ಕಾರಣ ನನಗೆ ಗೊತ್ತು. ‘ಒಂದು ಕಿಡ್ನಿ ಕೊಟ್ಟವನು ಅರ್ಧ ಮನುಷ್ಯ ಆಗ್ತಾನೆ’ ಎಂಬ ಮಾತು. ಭಾರ ಎತ್ತೋಕಾಗಲ್ಲ, ಹೊಲದ ಕೆಲಸ ಆಗಲ್ಲ, ಮಕ್ಕಳಾಗಲ್ಲ, ಆಯಸ್ಸು ಕಡಿಮೆ. ಓದಿದವರ ಮನೆಯಲ್ಲೂ ಇದೇ ಮಾತು, ಓದದವರ ಮನೆಯಲ್ಲೂ ಇದೇ ಮಾತು.

1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ರೊನಾಲ್ಡ್ ಹೆರಿಕ್ ಎಂಬ 23ರ ಯುವಕ ತನ್ನ ಅವಳಿ ಸಹೋದರ ರಿಚರ್ಡ್‌ಗೆ ಒಂದು ಕಿಡ್ನಿ ಕೊಟ್ಟ. ಆಪರೇಷನ್ ಮಾಡಿದವರು ಡಾ. ಜೋಸೆಫ್ ಮರ್ರೆ. ಯಶಸ್ವಿಯಾದ ಮೊದಲ ಕಿಡ್ನಿ ಕಸಿ ಅದು. ರಿಚರ್ಡ್ ಇನ್ನೂ 8 ವರ್ಷ ಬದುಕಿದ. ರೊನಾಲ್ಡ್ ಏನಾದ? ಗಣಿತದ ಮೇಷ್ಟ್ರಾದ. ಜಮೀನು ನೋಡಿಕೊಂಡ. 2010ರಲ್ಲಿ, 79ನೇ ವಯಸ್ಸಿನಲ್ಲಿ ತೀರಿಕೊಂಡ. ಒಂದೇ ಕಿಡ್ನಿಯಲ್ಲಿ 56 ವರ್ಷ! ನಮ್ಮ ದೇಶದಲ್ಲಿ ಬದುಕಿರುವವರಿಂದ ಪಡೆದ ಕಿಡ್ನಿಯ ಕಸಿ 1971ರಲ್ಲೇ ವೆಲ್ಲೂರಿನ ಸಿಎಂಸಿಯಲ್ಲಿ ಯಶಸ್ವಿಯಾಯಿತು. ಇದು ನಿನ್ನೆ ಮೊನ್ನೆಯ ಪ್ರಯೋಗ ಅಲ್ಲ.

ಸಾವಿರಕ್ಕೆ ಸುಮಾರು ಒಬ್ಬರು ಹುಟ್ಟುವಾಗಲೇ ಒಂದೇ ಕಿಡ್ನಿ ಇಟ್ಟುಕೊಂಡು ಬರುತ್ತಾರೆ. ಎಷ್ಟೋ ಜನಕ್ಕೆ ಅದು ಗೊತ್ತೇ ಇರುವುದಿಲ್ಲ. ಬೇರೇನಕ್ಕೋ ಸ್ಕ್ಯಾನ್ ಮಾಡಿಸಿದಾಗ ತಿಳಿಯುತ್ತದೆ. ಅಲ್ಲಿಯವರೆಗೆ ಅವರನ್ನು ಯಾರೂ ಅರ್ಧ ಮನುಷ್ಯ ಅಂದಿರುವುದಿಲ್ಲ.

ಒಂದು ಕಿಡ್ನಿ ತೆಗೆದ ಮೇಲೆ ಉಳಿದದ್ದು ಕೆಲವೇ ವಾರಗಳಲ್ಲಿ ಜಾಸ್ತಿ ಕೆಲಸಕ್ಕೆ ಒಗ್ಗಿಕೊಳ್ಳುತ್ತದೆ. ಸ್ವಲ್ಪ ದೊಡ್ಡದಾಗುತ್ತದೆ. ಮೊದಲು ಎರಡೂ ಸೇರಿ ರಕ್ತ ಸೋಸುತ್ತಿದ್ದ ಪ್ರಮಾಣದಲ್ಲಿ ಸುಮಾರು ನೂರಕ್ಕೆ 70ರಷ್ಟನ್ನು ಅದೊಂದೇ ಮಾಡುತ್ತದೆ. ಡಯಾಲಿಸಿಸ್ ಬೇಕಾಗುವುದು ಈ ಶಕ್ತಿ ನೂರಕ್ಕೆ 10, 15ಕ್ಕಿಂತ ಕೆಳಗಿಳಿದಾಗ. 70 ಎಲ್ಲಿ, 10 ಎಲ್ಲಿ?

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಬರುತ್ತದೆ. ‘ಆದ್ರೂ ಮೇಡಂ, ಒಂದೇ ಅಲ್ವಾ? ನಾಳೆ ಅದೂ ಕೆಟ್ಟರೆ?’ ನಿಮ್ಮ ಅಣ್ಣನನ್ನೇ ನೋಡಿ. ಅವರಿಗೆ ಎರಡು ಕಿಡ್ನಿ ಇದ್ದವು. ಎರಡೂ ಒಟ್ಟಿಗೇ ಹೋದವು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಕಡೆ ಏಕಕಾಲಕ್ಕೆ ಹೊಡೆಯುತ್ತವೆ. ಅದಕ್ಕೇ ದಾನಿಯ ತಪಾಸಣೆ ಅಷ್ಟು ಬಿಗಿ. ಸಕ್ಕರೆ ಕಾಯಿಲೆ ಇದ್ದರೆ, ಹಿಡಿತಕ್ಕೆ ಬಾರದ ಬಿಪಿ ಇದ್ದರೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಸಾಮಾನ್ಯವಾಗಿ ಡಾಕ್ಟರೇ ಬೇಡ ಅನ್ನುತ್ತಾರೆ.

ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವವರನ್ನು ನಂಬಲೂಬೇಡಿ. ಅಮೆರಿಕದ ಲೆಕ್ಕದಲ್ಲಿ ದಾನಿಯ ಆಪರೇಷನ್ನಿನಿಂದ ಸಾವು ಸಂಭವಿಸುತ್ತಿದ್ದುದು 10,000ಕ್ಕೆ ಸುಮಾರು 3. ಈಗ ಅದಕ್ಕಿಂತಲೂ ಕಡಿಮೆ. ದಾನ ಮಾಡಿದ 15 ವರ್ಷಗಳಲ್ಲಿ ಕಿಡ್ನಿ ವಿಫಲವಾಗುವ ಸಾಧ್ಯತೆ 10,000ಕ್ಕೆ ಸುಮಾರು 30. ಅಷ್ಟೇ ಆರೋಗ್ಯವಂತರಾಗಿದ್ದು ದಾನ ಮಾಡದವರಲ್ಲಿ ಸುಮಾರು 4. ಹೆಚ್ಚೇ ಹೌದು, ಆದರೂ ತೀರಾ ಸಣ್ಣದು. ಮಕ್ಕಳಾಗಲು ತೊಂದರೆಯಿಲ್ಲ. ಬಸಿರಿನಲ್ಲಿ ಬಿಪಿ ಏರುವ ಸಾಧ್ಯತೆ ಮಾತ್ರ ಜಾಸ್ತಿ. ಕೆನಡಾದ ಒಂದು ಅಧ್ಯಯನದಲ್ಲಿ ದಾನಿಗಳಲ್ಲಿ ನೂರಕ್ಕೆ 11, ಉಳಿದವರಲ್ಲಿ 5. ಆದ್ದರಿಂದ ಮುಂದೆ ಮಗು ಬೇಕು ಅನ್ನುವ ಹೆಣ್ಣುಮಕ್ಕಳು ಇದನ್ನು ಡಾಕ್ಟರ ಬಳಿ ಮೊದಲೇ ಮಾತಾಡಬೇಕು.

ಆಪರೇಷನ್ ಈಗ ಹೆಚ್ಚಾಗಿ ಲ್ಯಾಪ್ರೊಸ್ಕೋಪಿಯಲ್ಲೇ, ಅಂದರೆ ಸಣ್ಣ ಸಣ್ಣ ತೂತುಗಳ ಮೂಲಕವೇ ಆಗುತ್ತದೆ. ಎಲ್ಲ ಸರಿಯಿದ್ದರೆ ಕೆಲವೇ ದಿನಗಳಲ್ಲಿ ಮನೆ. ಕೂತು ಮಾಡುವ ಕೆಲಸಕ್ಕೆ 3, 4 ವಾರ ಸಾಕು. ಮೂಟೆ ಹೊರುವುದಕ್ಕೆ ಒಂದೂವರೆ, ಎರಡು ತಿಂಗಳು ಕಾಯಬೇಕು. ಆಮೇಲೆ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತ ಪರೀಕ್ಷೆ), ಮೂತ್ರ ಪರೀಕ್ಷೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವಂತಿಲ್ಲ. ಕೇಂದ್ರ ಸರ್ಕಾರಿ ನೌಕರರಾದರೆ ಅಂಗಾಂಗ ದಾನಕ್ಕೆ 42 ದಿನಗಳವರೆಗೆ ವಿಶೇಷ ರಜೆ ಸಿಗುತ್ತದೆ.

ಇನ್ನು ಕೇಳುವ ರೀತಿ. ರೋಗಿ ತಾನೇ ಕೇಳಬಾರದು. ‘ನಿನ್ನ ಕಿಡ್ನಿ ಕೊಡು’ ಅಂತ ಯಾರ ಬಾಯಲ್ಲೂ ಬರುವುದಿಲ್ಲ. ಸಂಕೋಚಕ್ಕೇ ವರ್ಷಗಳು ಕಳೆದುಹೋಗುತ್ತವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ರೋಗಿಯ ಪರವಾಗಿ ಮಾತಾಡಲು ಗೆಳೆಯರಿಗೋ ಮನೆಯವರಿಗೋ ತರಬೇತಿ ಕೊಡುತ್ತಾರೆ. ನಿಮ್ಮ ಮನೆಯಲ್ಲಿ ಆ ಕೆಲಸ ನಿಮ್ಮದು. ಪತ್ರ ಬರೆದಿದ್ದೀರಲ್ಲ, ನೀವೇ ಸರಿಯಾದ ಜನ. ಕಿಡ್ನಿ ಕೇಳಬೇಡಿ. ಅಣ್ಣನ ಸ್ಥಿತಿ ಹೇಳಿ. ಒಬ್ಬೊಬ್ಬರನ್ನೇ ಒಂದು ಡಯಾಲಿಸಿಸ್ ದಿನ ಜೊತೆಗೆ ಕರೆದುಕೊಂಡು ಹೋಗಿ. ‘ಸುಮ್ನೆ ಡಾಕ್ಟರ ಮಾತು ಕೇಳಿಸಿಕೊಂಡು ಬಾ’ ಅನ್ನಿ. ಅಷ್ಟು ಸಾಕು. ಆಮೇಲೆ ಯೋಚಿಸಲು ಅವರಿಗೆ ಸಮಯ ಬಿಡಿ.

ರಕ್ತದ ಗುಂಪು ಹೊಂದಲ್ಲ ಅಂತ ಮೊದಲೇ ಕೈಚೆಲ್ಲಬೇಡಿ. ಓ ಗುಂಪಿನವರು ಯಾರಿಗಾದರೂ ಕೊಡಬಹುದು, ಎಬಿ ಗುಂಪಿನವರು ಯಾರಿಂದಾದರೂ ಪಡೆಯಬಹುದು. ಪಾಸಿಟಿವ್, ನೆಗೆಟಿವ್ ಇಲ್ಲಿ ಲೆಕ್ಕಕ್ಕಿಲ್ಲ. ಹೊಂದದಿದ್ದರೆ ಸ್ವಾಪ್ ಇದೆ: ನಿಮ್ಮ ಮನೆಯ ದಾನಿ ಇನ್ನೊಂದು ಮನೆಯ ರೋಗಿಗೆ, ಅವರ ದಾನಿ ನಿಮ್ಮ ಅಣ್ಣನಿಗೆ. ಹತ್ತಿರದ ಸಂಬಂಧಿಗಳ ನಡುವೆ ಇದಕ್ಕೆ 2011ರ ತಿದ್ದುಪಡಿಯಲ್ಲೇ ಅವಕಾಶ ಸಿಕ್ಕಿದೆ. ಜೊತೆಗೆ, ಕಸಿ ಮಾಡುವ ಆಸ್ಪತ್ರೆಯ ಮೂಲಕ ನಮ್ಮ ರಾಜ್ಯದ ಜೀವಸಾರ್ಥಕತೆಯ ಪಟ್ಟಿಯಲ್ಲೂ ಅಣ್ಣನ ಹೆಸರು ಬರೆಸಿ. ಅದು ಮೃತ ದಾನಿಗಳಿಂದ ಬರುವ ಕಿಡ್ನಿಯ ಸರದಿ. ಎರಡೂ ದಾರಿ ಒಟ್ಟಿಗೆ ನಡೆಯಲಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ‘ಮನೆಯಲ್ಲಿ ಎಲ್ಲರನ್ನೂ ಕೇಳಿದೆವು’ ಎನ್ನುವವರ ‘ಎಲ್ಲರು’ ಯಾರು ಅಂತ ವಿಚಾರಿಸಿದರೆ ಅತ್ತಿಗೆ, ಅಮ್ಮ, ಅಕ್ಕ. ತಮ್ಮಂದಿರ ರಕ್ತದ ಗುಂಪನ್ನೇ ನೋಡಿಸಿರುವುದಿಲ್ಲ. ‘ಅವನು ದುಡಿಯುವವನು’ ಅನ್ನುತ್ತಾರೆ. ಮನೆಯ ಹೆಂಗಸು ದುಡಿಯುವುದಿಲ್ಲವೇ? 2019ರಿಂದ 2023ರವರೆಗೆ ದೇಶದಲ್ಲಿ ಬದುಕಿದ್ದಾಗ ಅಂಗ ಕೊಟ್ಟವರಲ್ಲಿ ನೂರಕ್ಕೆ ಸುಮಾರು 64 ಮಂದಿ ಹೆಂಗಸರು. ಪಡೆದವರಲ್ಲಿ ಹೆಚ್ಚಿನವರು ಗಂಡಸರು. ಕೊಡುವ ಹೆಣ್ಣುಮಕ್ಕಳ ಮೇಲೆ ನನಗೆ ಅಪಾರ ಗೌರವ ಇದೆ. ಆದರೆ ಅವರಲ್ಲಿ ಎಷ್ಟು ಜನಕ್ಕೆ ‘ಬೇಡ’ ಅನ್ನುವ ಅವಕಾಶ ಇತ್ತು ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ.

ಆ ಅವಕಾಶ ಇದೆ ಎಂದು ನಿಮ್ಮ ಅತ್ತಿಗೆಗೆ ತಿಳಿಸಿ. ತನ್ನನ್ನು ಒಬ್ಬಳನ್ನೇ, ಮನೆಯವರು ಯಾರೂ ಇಲ್ಲದೆ ಮಾತಾಡಿಸಿ ಎಂದು ಅವರು ಡಾಕ್ಟರನ್ನು ಕೇಳಬಹುದು. ಆಪರೇಷನ್ ಕೋಣೆಗೆ ಹೋಗುವ ಕ್ಷಣದವರೆಗೂ ಮನಸ್ಸು ಬದಲಿಸಬಹುದು. ಎಷ್ಟೋ ಡಾಕ್ಟರು ಆಗ ಮನೆಯವರಿಗೆ ‘ಇವರು ದಾನಿಯಾಗಿ ಹೊಂದುವುದಿಲ್ಲ’ ಎಂದಷ್ಟೇ ಹೇಳಿ ಮುಗಿಸುತ್ತಾರೆ. ನಿಮ್ಮ ಮನೆಗೂ ಅಂಥ ಉತ್ತರ ಬಂದರೆ ಯಾಕೆ, ಏನು ಅಂತ ಕೆದಕಬೇಡಿ. ತಮ್ಮಂದಿರನ್ನು ಕರೆದುಕೊಂಡು ಹೋಗಿ ರಕ್ತದ ಗುಂಪು ನೋಡಿಸಿ.